ಬಿಚ್ಚಿದ್ದನ್ನು ಜೋಡಿಸುವ ವಿದ್ಯೆ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಮನೆ ಕೆಡವುವ ಮುನ್ನ ಹಿತ್ತಿಲಿನ ತಗಡಿನ ಶೆಡ್ಡನ್ನು ಖಾಲಿ ಮಾಡಬೇಕಾಗುತ್ತದೆ. ಅಲ್ಲಿ ಹರಿದ ಟಾರ್ಪಾಲಿನ ಕೆಳಗೆ ಅಜ್ಜನ ಕಾಲದ ಡಾಡ್ಜ್, ಪ್ಲಿಮತ್ ಅಥವಾ ಷೆವರ್ಲೆ ಕಾರೊಂದು ಸಿಕ್ಕುವುದುಂಟು. ಟೈರುಗಳಲ್ಲಿ ಗಾಳಿಯಿಲ್ಲ. ಸೀಟಿನ ಸ್ಪ್ರಿಂಗುಗಳ ನಡುವೆ ಇಲಿ ಗೂಡು ಕಟ್ಟಿದೆ. ಬಾನೆಟ್ ಎತ್ತಿದರೆ ಜೇಡರ ಬಲೆ.

ಮನೆಯಲ್ಲಿ ಆಗ ಮೂರು ಅಭಿಪ್ರಾಯಗಳು ಹುಟ್ಟುತ್ತವೆ. ತಂದೆಗೆ ಅದು ಜಾಗ ತಿನ್ನುವ ಕಬ್ಬಿಣ. ಗುಜರಿಯವನಿಗೆ ತೂಕಕ್ಕೆ ಹಾಕಿದರೆ ತಲೆನೋವು ಮುಗಿಯಿತು. ತಾಯಿಗೆ ಅದು ಮಾವನವರ ನೆನಪು; ಮಾರಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಪಾಲಿಟೆಕ್ನಿಕ್‌ನಲ್ಲೋ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದುತ್ತಿರುವ ಮಗನ ಅಥವಾ ಮಗಳ ಕಣ್ಣಿಗೆ ಮಾತ್ರ ಅದು ಬೇರೆಯೇ ರೂಪದಲ್ಲಿ ಕಾಣುತ್ತದೆ: ಹೊಸ ಡೀಸೆಲ್ ಎಂಜಿನ್, ಅಗಲವಾದ ಅಲಾಯ್ ಚಕ್ರಗಳು, ತಗ್ಗಿಸಿದ ಛಾವಣಿ, ಕಣ್ಣು ಕೋರೈಸುವ ಬಣ್ಣ.

ಮೂವರ ಮಾತಿನಲ್ಲೂ ಸ್ವಲ್ಪ ನ್ಯಾಯವಿದೆ. ಆದರೆ ತೀರ್ಮಾನಕ್ಕೆ ಮುನ್ನ ಒಂದು ಸಂಗತಿಯನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಹಳೆಯ ಕಾರನ್ನು ಬಿಚ್ಚಲು ಒಂದು ಬೇಸಿಗೆ ರಜೆ ಸಾಕು. ಜೋಡಿಸಲು ವರ್ಷಗಳು ಬೇಕು. ಮನೆಯಲ್ಲಿ ಶುರುವಾಗುವ ಇಂಥ ಕೆಲಸಗಳು ಬಹಳಷ್ಟು ಸಲ ಕೆಡುವುದು ಹಣದ ಕೊರತೆಯಿಂದಲ್ಲ, ಕ್ರಮದ ಕೊರತೆಯಿಂದ. ಉತ್ಸಾಹದಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹರಡುತ್ತಾರೆ. ಅಷ್ಟರಲ್ಲಿ ಕಾಲೇಜು ತೆರೆಯುತ್ತದೆ, ಪರೀಕ್ಷೆ ಬರುತ್ತದೆ, ಮಳೆ ಹಿಡಿಯುತ್ತದೆ. ಬಿಚ್ಚದೆ ನಿಂತ ಕಾರಿಗೆ ಬೆಲೆಯುಂಟು. ಡಬ್ಬಗಳಲ್ಲಿ ತುಂಬಿಟ್ಟ ಕಾರಿಗೆ ಬೆಲೆಯಿಲ್ಲ.

ಇಲ್ಲಿಗೆ ಬಂದ ಬಗೆ

ಅಮೆರಿಕದ ಕಾರುಗಳು ಒಂದು ಕಾಲದಲ್ಲಿ ಭಾರತದ ರಸ್ತೆಗಳಲ್ಲಿ ಅಪರೂಪದವಾಗಿರಲಿಲ್ಲ. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿಯೇ ಮುಂಬಯಿಯಲ್ಲಿ ವಾಹನಗಳನ್ನು ಜೋಡಿಸತೊಡಗಿತ್ತು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನ ಮೂಲಕ ಬರುತ್ತಿದ್ದವು, ಇಲ್ಲಿ ಕಾರಾಗುತ್ತಿದ್ದವು. ಫೋರ್ಡ್ ಕಂಪನಿಯೂ ಇದೇ ಕೆಲಸ ಮಾಡುತ್ತಿತ್ತು. ಸ್ವಾತಂತ್ರ್ಯದ ನಂತರ ಗಾಳಿ ಬದಲಾಯಿತು. 1949ರಲ್ಲಿ ಪೂರ್ಣವಾಗಿ ಸಿದ್ಧವಾದ ಕಾರುಗಳ ಆಮದಿಗೆ ತಡೆ ಬಿತ್ತು. ಬರೀ ಜೋಡಿಸುವುದು ಸಾಲದು, ಭಾಗಗಳನ್ನು ಇಲ್ಲಿಯೇ ತಯಾರಿಸಬೇಕು ಎಂಬ ನೀತಿ 1953ರಲ್ಲಿ ಬಂದಾಗ ಈ ಎರಡು ಕಂಪನಿಗಳೂ ಬಾಗಿಲು ಹಾಕಿದವು. ಅಂದಿನಿಂದ ಅಂಬಾಸಿಡರ್, ಫಿಯಟ್, ಸ್ಟಾಂಡರ್ಡ್‌ಗಳ ಯುಗ.

ಈಗಾಗಲೇ ಬಂದಿದ್ದ ಅಮೆರಿಕದ ಕಾರುಗಳು ಇಲ್ಲಿಯೇ ಉಳಿದವು. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಅವುಗಳ ಕಷ್ಟಕಾಲ ಶುರುವಾಯಿತು. ಪ್ಲಿಮತ್ ಕಾರಿನ ಆರು ಸಿಲಿಂಡರಿನ ಎಂಜಿನ್ ಸುಮಾರು 3.6 ಲೀಟರಿನದು, ಮುಂದೆ ಮನೆಮಾತಾದ ಮಾರುತಿ 800ರ ಎಂಜಿನ್ ಬರೀ 796 ಸಿ.ಸಿ.ಯದು. ಪೆಟ್ರೋಲ್ ಕುಡಿಯುವ ಆ ಎಂಜಿನ್ನುಗಳನ್ನು ಕಿತ್ತು ಹಲವರು ಡೀಸೆಲ್ ಎಂಜಿನ್ ಕೂರಿಸಿದರು. ಅಷ್ಟೂ ಸಾಧ್ಯವಾಗದವರು ಕಾರನ್ನು ಶೆಡ್ಡಿಗೆ ತಳ್ಳಿದರು. ಇಂದು ಹಿತ್ತಿಲಲ್ಲಿ ಸಿಗುವುದು ಇಂಥವುಗಳೇ.

ಬೆಂಗಳೂರಿಗೆ ಬರಬೇಕಿದ್ದ ಕಾರಖಾನೆ

ಈ ಕಥೆಯಲ್ಲಿ ಕನ್ನಡ ನಾಡಿನದೇ ಒಂದು ಅಧ್ಯಾಯವಿದೆ. ಹೆಬ್ಬಾಳದಿಂದ ಯಲಹಂಕ, ದೇವನಹಳ್ಳಿ ದಾಟಿ ಉತ್ತರಕ್ಕೆ ಸಾಗಿದರೆ ಚಿಕ್ಕಬಳ್ಳಾಪುರದ ಬಳಿ ಮುದ್ದೇನಹಳ್ಳಿ ಸಿಗುತ್ತದೆ. ಅದು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ದಿವಾನಗಿರಿ ಬಿಟ್ಟು ಹದಿನೇಳು ವರ್ಷ ಕಳೆದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಅವರು ಯೂರೋಪು ಮತ್ತು ಅಮೆರಿಕಗಳಲ್ಲಿ ಪ್ರವಾಸ ಮಾಡಿ ಮೋಟಾರು ಕಾರಖಾನೆಗಳನ್ನು ನೋಡಿ ಬಂದರು. ಭಾರತದಲ್ಲಿ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ತಾಂತ್ರಿಕ ನೆರವಿನೊಂದಿಗೆ ಬೆಂಗಳೂರಿನಲ್ಲಿ ಕಾರಖಾನೆ ಏಳಬೇಕೆಂಬ ಮಾತುಕತೆ ನಡೆಯಿತು. ಆದರೆ ಬ್ರಿಟಿಷ್ ಸರ್ಕಾರಕ್ಕೆ ಅದು ಇಷ್ಟವಾಗಲಿಲ್ಲ. ಮೈಸೂರು ಸಂಸ್ಥಾನ ಹಿಂದೆ ಸರಿಯಬೇಕಾಯಿತು.

ಇದೇ ಯೋಜನೆಯ ಸಲುವಾಗಿ ಅಮೆರಿಕಕ್ಕೆ ಹೋಗಿದ್ದ ವಾಲಚಂದರಿಗೆ ವಿಮಾನ ಪ್ರಯಾಣದಲ್ಲಿ ವಿಲಿಯಂ ಪಾಲೆ ಎಂಬ ಅಮೆರಿಕದ ವಿಮಾನೋದ್ಯಮಿಯ ಪರಿಚಯವಾಯಿತು. ಅದರ ಫಲವಾಗಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಕಾರು ಕೇಳಿದ ಊರಿಗೆ ವಿಮಾನ ಸಿಕ್ಕಿತು! ಕಾರಿನ ಯೋಜನೆ ಮುಂಬಯಿಗೆ ಹೋಯಿತು. ಅಲ್ಲಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, 1947ರಿಂದ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಹೆಸರಿನ ಕಾರುಗಳು ಹೊರಬರತೊಡಗಿದವು.

ಬೆಂಗಳೂರಿನ ಕೈಗಳು ಅಮೆರಿಕದ ಯಂತ್ರಗಳಿಂದ ದೂರವೇನೂ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದ ವೇಳೆ, 1943ರಲ್ಲಿ, ಎಚ್‌ಎಎಲ್ ಕಾರಖಾನೆಯ ಆಡಳಿತ ಅಮೆರಿಕದ ಸೇನೆಗೆ ಹೋಯಿತು. ಇಲ್ಲಿನ ಕೆಲಸಗಾರರು ಆ ಸೇನೆಯ ವಿಮಾನಗಳ ಎಂಜಿನ್ನುಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿದರು. ಆಮೇಲೆ ಜಾಲಹಳ್ಳಿಗೆ ಎಚ್‌ಎಂಟಿ, ಬಿಇಎಲ್ ಬಂದವು. ಯಶವಂತಪುರದ ಆಚೆ ಪೀಣ್ಯದಲ್ಲಿ ಸಾವಿರಾರು ಸಣ್ಣ ಲೇತ್ ಶೆಡ್ಡುಗಳು ಎದ್ದವು. ಬಿಡಿಭಾಗ ಸಿಗದಿದ್ದರೆ ಕೊರೆದು ಮಾಡಿಕೊಳ್ಳುವ ವಿದ್ಯೆ ಈ ಭಾಗದ ಗಾಳಿಯಲ್ಲೇ ಇದೆ. ಹಳೆಯ ಡಾಡ್ಜ್ ಕಾರನ್ನು ಎಬ್ಬಿಸಬೇಕೆನ್ನುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ನೆರೆಹೊರೆ ಸಿಗುವುದು ಕಷ್ಟ.

ಅಲ್ಲಿ ಕತ್ತರಿ, ಇಲ್ಲಿ ಜೋಪಾನ

ಕಾರನ್ನು ತನ್ನ ಇಷ್ಟದಂತೆ ಮಾರ್ಪಡಿಸುವ ಹುಚ್ಚು ಅಮೆರಿಕದಲ್ಲಿ ಬೆಳೆದ ಬಗೆಯನ್ನೂ ತಿಳಿಯಬೇಕು. ಯುದ್ಧ ಮುಗಿಸಿ ಮನೆಗೆ ಮರಳಿದ ಕ್ಯಾಲಿಫೋರ್ನಿಯಾದ ಯುವಕರು 1932ರ ಮಾದರಿಯ ಹಳೆಯ ಫೋರ್ಡ್‌ಗಳನ್ನು ಅಗ್ಗಕ್ಕೆ ಕೊಂಡರು. ಮಡ್‌ಗಾರ್ಡ್ ಕಿತ್ತೆಸೆದು ಭಾರ ಇಳಿಸಿದರು, ಎಂಟು ಸಿಲಿಂಡರಿನ ಎಂಜಿನ್ನಿನ ಬಲ ಹೆಚ್ಚಿಸಿದರು, ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. ಅಂಥ ಕಾರಿಗೆ ‘ಹಾಟ್ ರಾಡ್’ ಎಂದು ಹೆಸರು. 1948ರಲ್ಲಿ ಅದೇ ಹೆಸರಿನ ಪತ್ರಿಕೆಯೂ ಹೊರಟಿತು.

ಅಲ್ಲಿ ಹಳೆಯ ಫೋರ್ಡ್ ಬೀದಿಗೊಂದು ಬಿದ್ದಿತ್ತು. ಒಂದನ್ನು ಕತ್ತರಿಸಿ ಕೆಡಿಸಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದು. ಇಲ್ಲಿ ಹಾಗಲ್ಲ. ಬೆಂಗಳೂರಿನ ಹಿತ್ತಿಲಲ್ಲಿ ಉಳಿದ ಒಂದು ಪ್ಲಿಮತ್ ಹಾಳಾದರೆ ಅದರ ಜಾಗಕ್ಕೆ ಬರುವುದು ಯಾವುದೂ ಇಲ್ಲ. ಅಲ್ಲಿನ ಚಿತ್ರ ನೋಡಿ ಇಲ್ಲಿ ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲು ಈ ವ್ಯತ್ಯಾಸ ನೆನಪಿರಬೇಕು.

ಹಾಗೆಂದು ಏನನ್ನೂ ಬದಲಿಸಬಾರದೆಂದಲ್ಲ. ಅನುಭವಿಗಳು ಪಾಲಿಸುವ ಸೂತ್ರ ಸರಳವಾಗಿದೆ: ಬೋಲ್ಟಿನಿಂದ ಆಗುವ ಬದಲಾವಣೆ ಸರಿ, ಗರಗಸದಿಂದ ಆಗುವುದು ಬೇಡ. ಸೀಟ್ ಬೆಲ್ಟ್ ಸೇರಿಸಬಹುದು, ತಿರುವಿನ ಇಂಡಿಕೇಟರ್ ದೀಪ ಹಾಕಬಹುದು. ತೆಗೆದ ಮೂಲ ಭಾಗಕ್ಕೆ ಎಣ್ಣೆ ಸವರಿ, ಚೀಟಿ ಕಟ್ಟಿ ಎತ್ತಿಡಬೇಕು. ನಾಳೆ ಮನಸ್ಸು ಬದಲಾದರೆ ಒಂದು ದಿನದಲ್ಲಿ ಮೊದಲಿನಂತೆ ಮಾಡಲು ಸಾಧ್ಯವಿರಬೇಕು. ಕತ್ತರಿಸಿದ ಛಾವಣಿಯನ್ನು ಮೊದಲಿನಂತೆ ಮಾಡಲು ಆಗದು.

ಸ್ಪ್ಯಾನರಿಗಿಂತ ಮೊದಲು ಕಾಗದ

ಈ ಸೂತ್ರದ ಹಿಂದೆ ಕಾನೂನೂ ಇದೆ. ಮೋಟಾರು ವಾಹನಗಳ ಕಾಯಿದೆ, 1988ರ 52ನೇ ಕಲಮಿನ ಪ್ರಕಾರ ತಯಾರಕರು ಸೂಚಿಸಿದ ಮೂಲ ಲಕ್ಷಣಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಎಂಜಿನ್ ಬದಲಿಸಬೇಕಾದರೆ ಮುಂಚೆಯೇ ಆರ್‌ಟಿಒ ಕಚೇರಿಯ ಅನುಮತಿ ಬೇಕು. ಬಣ್ಣ ಬದಲಾದರೂ ಆರ್‌ಸಿಯಲ್ಲಿ ನಮೂದಾಗಬೇಕು.

ಐವತ್ತು ವರ್ಷ ಮೀರಿದ ಖಾಸಗಿ ವಾಹನಗಳಿಗಾಗಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದಿತು. ಅದರಂತೆ ಇಂಥ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸದಾಗಿ ನೋಂದಾಯಿಸಲು ನಿಯಮದಲ್ಲಿ ಗೊತ್ತುಮಾಡಿದ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಮೊದಲೇ ನೋಂದಣಿಯಾಗಿದ್ದ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳ ಫಲಕವಿದ್ದವರಿಗೆ ಇದು ಸಂತೋಷದ ಸುದ್ದಿ. ಆದರೆ ಎರಡು ಷರತ್ತುಗಳಿವೆ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸಬಾರದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗಿಳಿಸಬಹುದು. ಅಂದರೆ ಛಾವಣಿ ತಗ್ಗಿಸಿ ಡೀಸೆಲ್ ಎಂಜಿನ್ ಕೂರಿಸಿದ ಕಾರು ಈ ಬಾಗಿಲಿನಿಂದ ಒಳಗೆ ಹೋಗುವುದು ಕಷ್ಟ.

ಆದ್ದರಿಂದ ಕೆಲಸದ ಮೊದಲ ದಿನ ಕೈಗೆ ಬರಬೇಕಾದದ್ದು ಸ್ಪ್ಯಾನರ್ ಅಲ್ಲ, ಬೀರುವಿನಲ್ಲಿರುವ ಹಳೆಯ ಆರ್‌ಸಿ ಪುಸ್ತಕ. ಅದರಲ್ಲಿನ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಕಾರಿನ ಮೇಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಬೇಕು. ಅಜ್ಜನ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಬೇಕು. ಕೆಎ–04 ಯಶವಂತಪುರ ಕಚೇರಿಗೋ ಕೆಎ–50 ಯಲಹಂಕ ಕಚೇರಿಗೋ ಹೋಗಿ ವಿಚಾರಿಸುವ ಕೆಲಸವನ್ನು ವಿದ್ಯಾರ್ಥಿಗೇ ವಹಿಸುವುದು ಒಳ್ಳೆಯದು. ಅರ್ಜಿ ಬರೆಯುವುದು, ಸಾಲಿನಲ್ಲಿ ನಿಲ್ಲುವುದು, ಬಾಕಿ ತೆರಿಗೆಯ ಲೆಕ್ಕ ಕೇಳುವುದು ಇವೂ ವಿದ್ಯೆಯೇ.

ಬಿಚ್ಚುವ ಕ್ರಮ

ಕಾಗದ ಸರಿಯಿದೆ ಎಂದಾದ ಮೇಲೆ ಒಂದು ದಪ್ಪ ನೋಟ್‌ಬುಕ್ ಕೊಳ್ಳಬೇಕು. ಪ್ರತಿ ಭಾಗವನ್ನು ಬಿಚ್ಚುವ ಮುನ್ನ ಫೋಟೋ, ಬಿಚ್ಚಿದ ಮೇಲೆ ಚಿತ್ರ. ನಟ್ಟು ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯದೆ, ಸಣ್ಣ ಸಣ್ಣ ಚೀಲಗಳಲ್ಲಿ ಹಾಕಿ ಹೆಸರು ಬರೆಯಬೇಕು. ತಂತಿಗಳಿಗೆ ಬಟ್ಟೆಯ ಪಟ್ಟಿ ಸುತ್ತಿ ಸಂಖ್ಯೆ ಕೊಡಬೇಕು. ಇವತ್ತು ನೆನಪಿರುವುದು ಎರಡು ವರ್ಷದ ಮೇಲೆ ನೆನಪಿರುವುದಿಲ್ಲ. ಹಾಳಾದ ಭಾಗವನ್ನೂ ಎಸೆಯಬಾರದು. ಹೊಸದನ್ನು ಲೇತಿನಲ್ಲಿ ಮಾಡಿಸುವಾಗ ಅದೇ ಮಾದರಿ.

ಒಂದು ಕಟ್ಟಳೆಯನ್ನು ಗೋಡೆಯ ಮೇಲೆ ಬರೆದು ಹಾಕಬಹುದು: ಒಂದು ಭಾಗ ಮುಗಿಯದೆ ಇನ್ನೊಂದನ್ನು ಬಿಚ್ಚಬಾರದು. ಮೊದಲು ರೇಡಿಯೇಟರ್, ಅದು ಮುಗಿದ ಮೇಲೆ ಕಾರ್ಬುರೇಟರ್, ಅದಾದ ಮೇಲೆ ಒಂದು ಚಕ್ರದ ಬ್ರೇಕು. ಹೀಗೆ ಮಾಡಿದರೆ ಪರೀಕ್ಷೆಯ ಹೊತ್ತಿಗೆ ನಿಲ್ಲಿಸಬೇಕಾಗಿ ಬಂದರೂ ಕಾರು ಚೂರುಚೂರಾಗಿರುವುದಿಲ್ಲ.

ನಿಂತ ಎಂಜಿನ್ನಿನ ಸೆಲ್ಫ್ ತಿರುಗಿಸುವ ಆಸೆ ಎಲ್ಲರಿಗೂ ಆಗುತ್ತದೆ. ಅದನ್ನು ತಡೆಯಬೇಕು. ವರ್ಷಗಟ್ಟಲೆ ಅಲುಗಾಡದ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿಕೊಂಡಿರುತ್ತವೆ. ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ತಿರುಗದಿದ್ದರೆ ಇನ್ನೊಂದು ವಾರ ಕಾಯಬೇಕು. ಬಲ ಹಾಕಿದವರು ಮುರಿದಿದ್ದಾರೆ, ಕಾದವರು ಗೆದ್ದಿದ್ದಾರೆ.

ಪುಸ್ತಕದ ಪಾಠ ಶೆಡ್ಡಿನಲ್ಲಿ

ಅಮೆರಿಕದ ಕಾರಿನ ಬೋಲ್ಟುಗಳು ಇಂಚಿನ ಅಳತೆಯವು. ಮನೆಯಲ್ಲಿರುವ ಸ್ಪ್ಯಾನರುಗಳು ಮಿಲಿಮೀಟರಿನವು. ಅರ್ಧ ಇಂಚು ಎಂದರೆ 12.7 ಮಿ.ಮೀ.; 13ರ ಸ್ಪ್ಯಾನರ್ ಹಾಕಿದರೆ ಕೂತಂತೆ ಕಾಣುತ್ತದೆ, ಆದರೆ 0.3 ಮಿ.ಮೀ. ಸಡಿಲ. ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಸವೆಸಿ ದುಂಡಗೆ ಮಾಡಲು ಅಷ್ಟು ಸಾಕು. ಇಂಚಿನ ರಿಂಗ್ ಸ್ಪ್ಯಾನರ್ ಸೆಟ್ ಒಂದನ್ನು ಮೊದಲು ಕೊಳ್ಳಬೇಕು. ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳಲ್ಲಿ ಇನ್ನೊಂದು ವಿಶೇಷವಿದೆ. ಎಡಬದಿಯ ಚಕ್ರಗಳ ಬೋಲ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ತಿಳಿಯದೆ ಪೈಪು ಹಾಕಿ ಜಗ್ಗಿ ಬೋಲ್ಟು ಮುರಿಯುವವರು ಹಲವರು.

1950ರ ದಶಕದ ಮೊದಲ ಭಾಗದವರೆಗಿನ ಬಹುಪಾಲು ಅಮೆರಿಕದ ಕಾರುಗಳದು 6 ವೋಲ್ಟ್ ವಿದ್ಯುತ್ ವ್ಯವಸ್ಥೆ. ಕೆಲವುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ. ಇಂದಿನ 12 ವೋಲ್ಟ್ ಬ್ಯಾಟರಿ ಜೋಡಿಸಿದರೆ ಬಲ್ಬು, ಮೀಟರುಗಳು ಸುಟ್ಟುಹೋಗುತ್ತವೆ. ಆ ಕಾರುಗಳ ಕೇಬಲ್ಲುಗಳು ಅಷ್ಟು ದಪ್ಪವೇಕೆ ಎಂಬುದು ಪಿಯುಸಿ ಭೌತಶಾಸ್ತ್ರದ ಪ್ರಶ್ನೆ. 60 ವ್ಯಾಟಿನ ದೀಪಕ್ಕೆ 12 ವೋಲ್ಟಿನಲ್ಲಿ 5 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 10 ಬೇಕು. ಪ್ರವಾಹ ಎರಡರಷ್ಟಾದರೆ ಅದೇ ತಂತಿಯಲ್ಲಿ ಶಾಖ ನಾಲ್ಕರಷ್ಟು. ತೆಳು ತಂತಿ ಹಾಕಿದರೆ ದೀಪ ಮಂಕು, ತಂತಿ ಬಿಸಿ. ಪುಸ್ತಕದಲ್ಲಿ ಅಂಕಕ್ಕಾಗಿ ಬಿಡಿಸಿದ ಲೆಕ್ಕ ಇಲ್ಲಿ ಬೆರಳಿಗೆ ತಗಲುತ್ತದೆ.

ಸಣ್ಣ ಭಾಗಗಳ ತುಕ್ಕು ಬಿಡಿಸುವುದು ರಸಾಯನಶಾಸ್ತ್ರದ ಪಾಠ. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ವಾಷಿಂಗ್ ಸೋಡಾ ಬೆರೆಸಿ, ತುಕ್ಕಿನ ಭಾಗವನ್ನು ಬ್ಯಾಟರಿ ಚಾರ್ಜರಿನ ನೆಗೆಟಿವ್ ತುದಿಗೂ, ಒಂದು ಹಳೆಯ ಕಬ್ಬಿಣದ ಪಟ್ಟಿಯನ್ನು ಪಾಸಿಟಿವ್ ತುದಿಗೂ ಜೋಡಿಸಿದರೆ ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾಗಿ ಬಿಡುತ್ತದೆ. ಎರಡು ತುದಿಗಳು ಒಂದಕ್ಕೊಂದು ತಾಗಬಾರದು. ಹೈಡ್ರೋಜನ್ ಅನಿಲ ಹೊರಡುವುದರಿಂದ ಇದನ್ನು ಬಯಲಿನಲ್ಲಿಯೇ ಮಾಡಬೇಕು, ಹತ್ತಿರ ಬೆಂಕಿ ಇರಬಾರದು. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಬಳಸಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ, ಅದು ಕೂಡದು.

ಇಂದಿನ ಇನ್ನೊಂದು ಸಮಸ್ಯೆ ಅಂದಿನ ಎಂಜಿನಿಯರುಗಳು ಊಹಿಸಿರದಂಥದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ಶೇ 20ರವರೆಗೆ ಎಥನಾಲ್ ಬೆರೆಸಿರುತ್ತಾರೆ. ಎಥನಾಲ್ ನೀರನ್ನು ಹೀರುತ್ತದೆ; ಹಳೆಯ ರಬ್ಬರ್ ಮತ್ತು ಕಾರ್ಕ್ ಭಾಗಗಳನ್ನು ಕೆಡಿಸುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಗ್ಯಾಸ್ಕೆಟ್‌ಗಳನ್ನು ಎಥನಾಲ್ ತಡೆಯುವ ಹೊಸ ರಬ್ಬರಿನಲ್ಲಿ ಹಾಕಿಸಬೇಕು. ಕಾರು ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಉಳಿಸಬಾರದು.

ಪಾಲಕರು ಬಿಟ್ಟುಕೊಡಬಾರದ ಮಾತುಗಳು

ಮಕ್ಕಳಿಗೆ ಸ್ವಾತಂತ್ರ್ಯ ಕೊಡಬೇಕು, ನಿಜ. ಆದರೆ ಕೆಲವು ವಿಷಯಗಳಲ್ಲಿ ತಂದೆತಾಯಿ ಗಟ್ಟಿಯಾಗಿರಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಮಲಗಕೂಡದು. ಗಟ್ಟಿ ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟ ಮೇಲೆಯೇ ಒಳಗೆ ಹೋಗಬೇಕು. ಇಟ್ಟಿಗೆ, ಹಾಲೊ ಬ್ಲಾಕು ಇಟ್ಟು ನಂಬುವುದು ಸಲ್ಲ. ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಬಾರದು. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುವ ಸಂಭವವುಂಟು, ಹಳೆಯ ಬಣ್ಣದಲ್ಲಿ ಸೀಸ. ಎರಡರ ಧೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು. ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಣ್ಣವನ್ನು ಒಣಗಿದ ಉಪ್ಪುಕಾಗದದಿಂದ ಉಜ್ಜದೆ ನೀರು ಹಾಕಿ ಉಜ್ಜಬೇಕು, ಸರಿಯಾದ ಮಾಸ್ಕ್ ತೊಡಬೇಕು, ಚಿಕ್ಕಮಕ್ಕಳನ್ನು ದೂರವಿಡಬೇಕು.

ಬ್ರೇಕಿನ ವಿಷಯವಂತೂ ಮುಖ್ಯ. ಆ ಕಾಲದ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಎಣ್ಣೆಯ ದಾರಿ. ಎಲ್ಲೋ ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಆದ್ದರಿಂದ ಎಂಜಿನ್ ಮೊರೆಯುವ ಮೊದಲು ಬ್ರೇಕು ಹಿಡಿಯಬೇಕು. ಎಲ್ಲ ಪೈಪು, ಹೋಸು, ಸಿಲಿಂಡರ್ ಹೊಸದಾಗಿ, ಅನುಭವಿ ಮೆಕ್ಯಾನಿಕ್ ಒಬ್ಬರು ನೋಡಿ ಸರಿ ಎಂದ ಮೇಲೆಯೇ ಕಾರು ಗೇಟು ದಾಟಬೇಕು. ಹದಿನೆಂಟು ತುಂಬಿ ಲೈಸೆನ್ಸ್ ಪಡೆಯುವವರೆಗೆ, ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದ್ದರೂ, ಸ್ಟೀರಿಂಗ್ ಹಿಡಿಯುವಂತಿಲ್ಲ.

ಗುರುಗಳು ಎಲ್ಲಿದ್ದಾರೆ?

ಎಲ್ಲವನ್ನೂ ಮನೆಯಲ್ಲೇ ಮಾಡಲಾಗದು. ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಯಂತ್ರದ ಕೆಲಸ. ಟಿಂಕರಿಂಗ್ ಕೈಚಳಕದ ಕೆಲಸ: ತುಕ್ಕು ತಿಂದ ತಗಡಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಒಂದು ಮಳೆಗಾಲ ನಿಲ್ಲುತ್ತದೆ, ಕೊಳೆತಷ್ಟನ್ನು ಕತ್ತರಿಸಿ ಹೊಸ ತಗಡು ಬೆಸೆದರೆ ಒಂದು ತಲೆಮಾರು ನಿಲ್ಲುತ್ತದೆ. ಇಂಥ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ಜೆ.ಸಿ. ರಸ್ತೆಯ ಅಕ್ಕಪಕ್ಕದಲ್ಲಿ, ಶಿವಾಜಿನಗರದ ಗುಜರಿ ಓಣಿಗಳಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಹಲವರು ಶಾಲೆ ಮುಗಿಸಿದವರಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿ ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, “ಅಣ್ಣಾ, ಇದು ಯಾಕೆ ಹೀಗೆ?” ಎಂದು ಕೇಳಲು ಕಲಿತರೆ ಅರ್ಧ ವಿದ್ಯೆ ಬಂದಂತೆ. ಜಾಲಹಳ್ಳಿ, ಯಲಹಂಕದ ಕಡೆ ಕಾರಖಾನೆಗಳಿಂದ ನಿವೃತ್ತರಾಗಿ ಮನೆಯಲ್ಲಿರುವ ಫಿಟ್ಟರು, ಟರ್ನರುಗಳಿಗೂ ಇಂಥ ಪ್ರಶ್ನೆ ಕೇಳುವವರು ಬಂದರೆ ಸಂತೋಷವೇ.

ಕೈ ಹಚ್ಚುವ ಮೊದಲು ಕಣ್ಣು ತುಂಬಿಕೊಳ್ಳಲೂ ಜಾಗಗಳಿವೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಎಂಜಿನ್ ವಿಭಾಗದಲ್ಲಿ ಯಂತ್ರಗಳ ಒಳಗನ್ನು ನೋಡಬಹುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿಯೂ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಾಲೇ ಇದೆ. ಅಸಲಿ ಬಂಪರ್, ಅಸಲಿ ಗ್ರಿಲ್ ಹೇಗಿರುತ್ತದೆ ಎಂದು ಫೋಟೋ ನೋಡಿ ತಿಳಿಯುವುದಕ್ಕೂ ಎದುರು ನಿಂತು ನೋಡುವುದಕ್ಕೂ ವ್ಯತ್ಯಾಸವಿದೆ.

ಖರ್ಚು ಮತ್ತು ಓದು

ಇಷ್ಟೆಲ್ಲ ಕೇಳಿದ ಮೇಲೆ ತಂದೆತಾಯಿ ಕೇಳುವ ಪ್ರಶ್ನೆ ಎರಡು: ಎಷ್ಟು ಖರ್ಚು? ಓದಿನ ಗತಿ ಏನು?

ಖರ್ಚು ಕಾರಿನ ಸ್ಥಿತಿಯ ಮೇಲೆ ಹೋಗುತ್ತದೆ. ಆದರೆ ಎಲ್ಲಿ ಹೆಚ್ಚು ಎಂಬುದು ಗೊತ್ತಿರುವ ಸಂಗತಿಯೇ. ಎಂಜಿನ್ನಿಗಿಂತ ಟಿಂಕರಿಂಗ್, ಬಣ್ಣ, ಕ್ರೋಮ್ ಪ್ಲೇಟಿಂಗ್ ಮತ್ತು ಕುಷನ್ ಕೆಲಸಗಳೇ ಜೇಬು ಸುಡುತ್ತವೆ. ಹೊಳಪಿನ ಕೆಲಸವನ್ನು ಕೊನೆಗಿಟ್ಟು, ಓಡುವ ಮತ್ತು ನಿಲ್ಲುವ ಕೆಲಸವನ್ನು ಮೊದಲು ಮುಗಿಸುವುದು ಜಾಣತನ. ಹೂಡಿದ ಹಣ ಮಾರಿದಾಗ ಹಿಂದಿರುಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ, ಲೆಕ್ಕದ ಪುಸ್ತಕವನ್ನು ವಿದ್ಯಾರ್ಥಿಯ ಕೈಗೇ ಕೊಡಬೇಕು. ಸಾಲ ಮಾಡಿ ಮಾಡುವ ಕೆಲಸ ಇದಲ್ಲ.

ಓದಿನ ಮಾತು ಸ್ವಲ್ಪ ಸೂಕ್ಷ್ಮ. ಪರೀಕ್ಷೆಯ ತಿಂಗಳಲ್ಲಿ ಶೆಡ್ಡಿಗೆ ಬೀಗ ಎಂಬ ಒಪ್ಪಂದ ಮೊದಲೇ ಆಗಿರಬೇಕು. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂತೆಂದು ತಲೆ ತಗ್ಗಿಸಿ ಕೂತ ಹುಡುಗನೊಬ್ಬ ಶೆಡ್ಡಿನಲ್ಲಿ ಕಾರ್ಬುರೇಟರ್ ಬಿಚ್ಚಿ, ತೊಳೆದು, ಒಂದು ಸ್ಪ್ರಿಂಗೂ ಉಳಿಯದಂತೆ ಜೋಡಿಸಿದರೆ ಅದನ್ನು ಆಟವೆಂದು ತಳ್ಳಿಹಾಕುವಂತಿಲ್ಲ. ಅಂಥವರಿಗೆ ಐಟಿಐಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇದೆ, ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಇದೆ, ಅಲ್ಲಿಂದ ಎಂಜಿನಿಯರಿಂಗ್‌ಗೆ ಹೋಗುವ ದಾರಿಯೂ ಇದೆ. ಹುಡುಗಿಯರಿಗೂ ಈ ಬಾಗಿಲುಗಳು ತೆರೆದೇ ಇವೆ.

ಗುಜರಿಗೆ ಹಾಕುವುದೂ ಪಾಪದ ಕೆಲಸವಲ್ಲ. ಚಾಸಿಯೇ ಕೊಳೆತ, ಕಾಗದವೇ ಇಲ್ಲದ ಕಾರನ್ನು ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಿ ಆರ್‌ಸಿ ರದ್ದು ಮಾಡಿಸುವುದೇ ವಿವೇಕ. ಯಲಹಂಕದ ರೈಲು ಗಾಲಿ ಕಾರಖಾನೆಯಲ್ಲಿ 1984ರಿಂದ ಹಳೆಯ ಉಕ್ಕನ್ನು ಕರಗಿಸಿ ಹೊಸ ಗಾಲಿಗಳನ್ನು ಎರಕ ಹೊಯ್ಯುತ್ತಿದ್ದಾರೆ. ಉಕ್ಕಿಗೆ ಅದೂ ಒಂದು ಮರುಜನ್ಮ. ಆದರೆ ಕಾರು ಪೂರ್ತಿಯಾಗಿ ಉಳಿದಿದ್ದು, ಕಾಗದ ಕೈಯಲ್ಲಿದ್ದು, ಮನೆಯಲ್ಲಿ ಕೇಳುವ ಮನಸ್ಸೊಂದು ಇದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಮಗನಿಗೋ ಮಗಳಿಗೋ ಒಂದು ಪರೀಕ್ಷೆ ಕೊಡಬಹುದು. ಕಾರಿನ ಒಂದೇ ಒಂದು ಭಾಗ, ಒಂದು ಬಾಗಿಲಿನ ಬೀಗವೋ ವೈಪರಿನ ಮೋಟಾರೋ ಸಾಕು, ಅದನ್ನು ಬಿಚ್ಚಿ ಸರಿಮಾಡಿ ಮತ್ತೆ ಅದರ ಜಾಗಕ್ಕೆ ಕೂರಿಸಲು ಒಂದು ತಿಂಗಳು. ಆ ಬೀಗ ಚಕ್ಕನೆ ಹಾಕಿಕೊಂಡರೆ, ಮುಂದಿನ ಭಾನುವಾರ ಇಂಚಿನ ಸ್ಪ್ಯಾನರ್ ಸೆಟ್ ಕೊಳ್ಳಲು ತಂದೆ ಮಕ್ಕಳು ಜೊತೆಯಾಗಿ ಜೆ.ಸಿ. ರಸ್ತೆಗೆ ಹೋಗಬಹುದು.